ಕೂಲಂಟ್ ಟೆಂಪರೇಚರ್ ಸೆನ್ಸರ್ ಸರ್ಕ್ಯೂಟ್: ದೋಷ ಸೆನ್ಸರ್‌ನಲ್ಲೋ, ವೈರ್‌ನಲ್ಲೋ, ಇಸಿಯುನಲ್ಲೋ?

ಚೆಕ್ ಎಂಜಿನ್ ದೀಪ ಹತ್ತಿತು, ಸ್ಕ್ಯಾನರ್ ಹಾಕಿದರೆ ಪಿ0118 ಎಂದು ಬಂತು. ಕೂಲಂಟ್, ಅಂದರೆ ಎಂಜಿನ್ ತಣಿಸುವ ದ್ರವ, ಎಷ್ಟು ಬಿಸಿಯಿದೆ ಎಂದು ಅಳೆಯುವ ಸೆನ್ಸರ್‌ನ ಸರ್ಕ್ಯೂಟ್‌ಗೆ ಸೇರಿದ ಕೋಡ್ ಅದು. ಬಹಳ ಮಂದಿ ಕೂಡಲೇ ಹೊಸ ಸೆನ್ಸರ್ ತಂದು ಹಾಕುತ್ತಾರೆ. ಕೆಲವೊಮ್ಮೆ ಸರಿಹೋಗುತ್ತದೆ, ಎಷ್ಟೋ ಸಲ ದೀಪ ಮತ್ತೆ ಹತ್ತುತ್ತದೆ. ಆ ಕೋಡ್ ಹೇಳುವುದು 'ಈ ಸರ್ಕ್ಯೂಟ್‌ನಲ್ಲಿ ವೋಲ್ಟೇಜ್ ಮಿತಿಗಿಂತ ಮೇಲಿದೆ' ಎಂದಷ್ಟೇ. ಸೆನ್ಸರ್ ಕೆಟ್ಟಿದೆ ಎಂದು ಅದು ಎಲ್ಲೂ ಹೇಳುವುದಿಲ್ಲ. ಸೆನ್ಸರ್, ಎರಡು ವೈರ್, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್), ಇವುಗಳಲ್ಲಿ ತಪ್ಪು ಯಾವುದರದ್ದು ಎಂದು ಒಂದು ತುಂಡು ವೈರ್‌ನಿಂದಲೇ ತಿಳಿಯಬಹುದು. ಆ ಪರೀಕ್ಷೆ ಮಾಡದೆ ಯಾವ ಭಾಗವನ್ನೂ ಕೊಳ್ಳಬೇಡಿ.

ಸರ್ಕ್ಯೂಟ್ ಕೆಲಸ ಮಾಡುವ ಬಗೆ

ಸೆನ್ಸರ್ ಒಳಗಿರುವುದು ಬಿಸಿಯಾದಷ್ಟೂ ರೆಸಿಸ್ಟೆನ್ಸ್ ಕಡಿಮೆಯಾಗುವ ಥರ್ಮಿಸ್ಟರ್. ಇಸಿಯು ತನ್ನೊಳಗಿನ ಒಂದು ರೆಸಿಸ್ಟರ್ ಮೂಲಕ 5 ವೋಲ್ಟ್ ಕಳಿಸುತ್ತದೆ. ಇದು ಸಿಗ್ನಲ್ ವೈರ್. ಇನ್ನೊಂದು ವೈರ್ ಸೆನ್ಸರ್ ಗ್ರೌಂಡ್, ಅಂದರೆ ಕರೆಂಟ್ ಮರಳುವ ದಾರಿ. ಅದು ಕಾರಿನ ಲೋಹದ ಬಾಡಿಯನ್ನು ಸೇರುವುದಿಲ್ಲ, ಇಸಿಯುಗೇ ಮರಳುತ್ತದೆ. ಸಿಗ್ನಲ್ ವೈರ್‌ನಲ್ಲಿ ಉಳಿಯುವ ವೋಲ್ಟೇಜನ್ನು ಇಸಿಯು ಅಳೆದು ತಾಪಮಾನ ಲೆಕ್ಕ ಹಾಕುತ್ತದೆ. ಎಂಜಿನ್ ತಣ್ಣಗಿದ್ದರೆ ವೋಲ್ಟೇಜ್ ಹೆಚ್ಚು, ಬಿಸಿಯಿದ್ದರೆ ಕಡಿಮೆ.

ಹೀಗಾಗಿ ವೈರ್ ತುಂಡಾದರೆ ಇಸಿಯುಗೆ ಪೂರ್ತಿ 5 ವೋಲ್ಟ್ ಕಾಣುತ್ತದೆ, ಸ್ಕ್ಯಾನರ್ ಮೈನಸ್ 40 ಡಿಗ್ರಿ ತೋರಿಸುತ್ತದೆ, ಕೋಡ್ ಪಿ0118. ಸಿಗ್ನಲ್ ವೈರ್ ಗ್ರೌಂಡ್‌ಗೆ ತಾಗಿದರೆ ವೋಲ್ಟೇಜ್ ಸೊನ್ನೆಗೆ ಇಳಿಯುತ್ತದೆ, ಸ್ಕ್ಯಾನರ್ 120ರಿಂದ 150 ಡಿಗ್ರಿವರೆಗಿನ ಒಂದು ಅಂಕಿ ತೋರಿಸಿ ನಿಲ್ಲುತ್ತದೆ, ಕೋಡ್ ಪಿ0117. ಮಿತಿಯೊಳಗಿದ್ದರೂ ನಂಬಲಾಗದ ರೀಡಿಂಗ್ ಬಂದರೆ ಪಿ0116, ಬಂದು ಹೋಗುವ ದೋಷಕ್ಕೆ ಪಿ0119. ಎಂಜಿನ್ ಬೇಕಾದಷ್ಟು ಬಿಸಿಯಾಗುತ್ತಿಲ್ಲ ಎನ್ನುವ ಪಿ0128 ಬಂದರೆ ಮೊದಲ ಅನುಮಾನ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲಷ್ಟೇ ಕೂಲಂಟನ್ನು ರೇಡಿಯೇಟರ್‌ಗೆ ಬಿಡುವ ವಾಲ್ವ್) ಮೇಲಿರಲಿ. ಕೆಲವು ಕಾರುಗಳಲ್ಲಿ ರೇಡಿಯೇಟರ್ ಬಳಿ ಎರಡನೇ ಸೆನ್ಸರ್ ಇರುತ್ತದೆ. ಪಿ2183, ಪಿ2184, ಪಿ2185 ಅದಕ್ಕೆ ಸೇರಿದ ಕೋಡ್‌ಗಳು. ಕೋಡ್ ಸರಿಯಾಗಿ ಓದದೆ ತಪ್ಪು ಸೆನ್ಸರ್ ಬಿಚ್ಚುವವರು ಕಡಿಮೆಯೇನಿಲ್ಲ.

ಕೈ ಹಾಕುವ ಮುನ್ನ

ಎಂಜಿನ್ ಬಿಸಿಯಿರುವಾಗ ರೇಡಿಯೇಟರ್ ಅಥವಾ ಕೂಲಂಟ್ ಡಬ್ಬಿಯ ಮುಚ್ಚಳ ತೆರೆಯಬೇಡಿ. ಒತ್ತಡ ಇರುವುದರಿಂದ ಒಳಗಿನ ಕೂಲಂಟ್ 100 ಡಿಗ್ರಿ ದಾಟಿದರೂ ಕುದಿಯದೆ ಕೂತಿರುತ್ತದೆ. ಮುಚ್ಚಳ ಸಡಿಲಿಸಿದ ಕ್ಷಣ ಕುದಿದು ಮುಖದ ಮೇಲೆ ಚಿಮ್ಮುತ್ತದೆ. ರೇಡಿಯೇಟರ್‌ನ ಮೇಲಿನ ಹೋಸ್ ಅನ್ನು ಬರಿಗೈಯಲ್ಲಿ ಹಿಡಿದುಕೊಳ್ಳುವಷ್ಟು ತಣ್ಣಗಾಗಲಿ.

ರೇಡಿಯೇಟರ್ ಫ್ಯಾನ್ ಎಂಜಿನ್ ನಿಂತಿದ್ದಾಗಲೂ ತಿರುಗಬಹುದು. ಈ ಸೆನ್ಸರ್‌ನ ಕನೆಕ್ಟರ್ ತೆಗೆದ ಕೂಡಲೇ ಹಲವು ಕಾರುಗಳಲ್ಲಿ ಫ್ಯಾನ್ ತಾನಾಗಿ ಶುರುವಾಗುತ್ತದೆ, ಹಾಗಾಗಿ ಬೆರಳು, ಸಡಿಲ ಬಟ್ಟೆ, ಮೀಟರ್‌ನ ವೈರ್ ಎಲ್ಲವೂ ದೂರವಿರಲಿ. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸಬೇಡಿ. ಎಥಿಲೀನ್ ಗ್ಲೈಕಾಲ್ ಇರುವ ಕೂಲಂಟ್ ವಿಷ, ಆದರೆ ರುಚಿ ಸಿಹಿ. ನೆಲಕ್ಕೆ ಚೆಲ್ಲಿದ್ದನ್ನು ಆಗಲೇ ಒರೆಸಿ, ಮಕ್ಕಳು ಮತ್ತು ಸಾಕುಪ್ರಾಣಿಗಳನ್ನು ಹತ್ತಿರ ಬಿಡಬೇಡಿ. ಹೈಬ್ರಿಡ್ ಕಾರಾದರೆ ಕಿತ್ತಳೆ ಬಣ್ಣದ ಕೇಬಲ್ ಮುಟ್ಟುವಂತಿಲ್ಲ. ವಾಹನ ಆನ್ ಇದ್ದಾಗ ಎಂಜಿನ್ ತಾನೇ ಸ್ಟಾರ್ಟ್ ಆಗಬಹುದು ಎಂಬುದೂ ನೆನಪಿರಲಿ.

ಅಳೆಯಲು ಡಿಜಿಟಲ್ ಮಲ್ಟಿಮೀಟರ್ ಮಾತ್ರ ಬಳಸಿ. ಬಲ್ಬ್ ಇರುವ ಟೆಸ್ಟ್ ಲ್ಯಾಂಪ್ ಎಳೆಯುವ ಕರೆಂಟ್ ಈ ಸರ್ಕ್ಯೂಟ್‌ಗೆ ಹೆಚ್ಚಾಗುತ್ತದೆ, ಇಸಿಯುಗೆ ಪೆಟ್ಟಾಗಬಹುದು.

ಲಕ್ಷಣ: ಡ್ಯಾಶ್‌ಬೋರ್ಡ್‌ನಲ್ಲಿ ತಾಪಮಾನದ ಮುಳ್ಳು ಕೆಂಪು ಗೆರೆಯತ್ತ ಹೋಗುತ್ತಿದೆ

ಇಲ್ಲಿ ಸೆನ್ಸರ್ ಮೇಲೆ ಅನುಮಾನ ಕೊನೆಗೆ ಬರಬೇಕು. ಗಾಡಿಯನ್ನು ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಹಬೆ, ಸಿಹಿ ವಾಸನೆ, ಕೆಳಗೆ ಸೋರಿಕೆ ಕಂಡರೆ ಅದು ನಿಜವಾದ ಓವರ್‌ಹೀಟ್. ಎಂಜಿನ್ ತಣ್ಣಗಾದ ಮೇಲೆ ಕೂಲಂಟ್ ಮಟ್ಟ ನೋಡಿ. ಕಡಿಮೆಯಿದ್ದರೆ ಸೋರಿಕೆ ಹುಡುಕುವುದೇ ಕೆಲಸ. ಎಂಜಿನ್ ಆಯಿಲ್ ಹಾಲು ಬೆರೆತಂತಾಗಿದ್ದರೆ, ಸೈಲೆನ್ಸರ್‌ನಿಂದ ಸಿಹಿ ವಾಸನೆಯ ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದರೆ, ಕೂಲಂಟ್ ಡಬ್ಬಿಯಲ್ಲಿ ಗುಳ್ಳೆಗಳು ಏಳುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಸಿಲಿಂಡರ್ ಹೆಡ್ ಮತ್ತು ಬ್ಲಾಕ್ ನಡುವಿನ ಸೀಲ್) ಹೋಗಿರುವ ಸಾಧ್ಯತೆ ಇದೆ. ಮತ್ತೆ ಸ್ಟಾರ್ಟ್ ಮಾಡಬೇಡಿ, ಗಾಡಿಯನ್ನು ಎಳೆಸಿಕೊಂಡು ಹೋಗಿ.

ಇದಕ್ಕಿಂತಲೂ ಅಪಾಯದ ಸ್ಥಿತಿ ಒಂದಿದೆ. ಕೂಲಂಟ್ ಬಹಳ ಇಳಿದಾಗ ಸೆನ್ಸರ್‌ನ ತುದಿ ಗಾಳಿಯಲ್ಲಿ ಉಳಿಯುತ್ತದೆ. ಆಗ ಎಂಜಿನ್ ಸುಡುತ್ತಿದ್ದರೂ ಮುಳ್ಳು ಮಾಮೂಲಿ ಜಾಗದಲ್ಲಿರಬಹುದು, ಕೆಳಗೂ ಇಳಿಯಬಹುದು. ಬಿಸಿಗಾಳಿ ಬರುತ್ತಿದ್ದ ಹೀಟರ್ ಇದ್ದಕ್ಕಿದ್ದಂತೆ ತಣ್ಣನೆ ಗಾಳಿ ಊದತೊಡಗಿದರೆ ಮುಳ್ಳನ್ನು ನಂಬದೆ ನಿಲ್ಲಿಸಿ. ಮುಂದಿನ ಎಲ್ಲ ಪರೀಕ್ಷೆಗಳಿಗೂ ಮೊದಲು ಕೂಲಂಟ್ ಮಟ್ಟ ನೋಡಲೇಬೇಕಾದದ್ದು ಇದೇ ಕಾರಣಕ್ಕೆ.

ಲಕ್ಷಣ: ಫ್ಯಾನ್ ನಿಲ್ಲುವುದೇ ಇಲ್ಲ, ಎಸಿ ತಣ್ಣಗಾಗುತ್ತಿಲ್ಲ, ಚೆಕ್ ಎಂಜಿನ್ ದೀಪ ಹತ್ತಿದೆ

ರೀಡಿಂಗ್ ನಂಬುವಂತಿಲ್ಲ ಎಂದು ಗೊತ್ತಾದಾಗ ಇಸಿಯು ಎಂಜಿನ್ ಉಳಿಸುವ ದಾರಿ ಹಿಡಿಯುತ್ತದೆ: ಫ್ಯಾನ್ ಸದಾ ಆನ್, ಎಷ್ಟೋ ಮಾದರಿಗಳಲ್ಲಿ ಎಸಿ ಕಂಪ್ರೆಸರ್ ಆಫ್. ತಣ್ಣನೆಯ ಎಂಜಿನ್‌ಗೆ ಕೀ ಆನ್ ಮಾಡಿದ ಕೂಡಲೇ ಫ್ಯಾನ್ ಜೋರಾಗಿ ತಿರುಗಿದರೆ ಸರ್ಕ್ಯೂಟ್ ಪೂರ್ತಿ ತುಂಡಾಗಿದೆ ಅಥವಾ ಶಾರ್ಟ್ ಆಗಿದೆ ಎಂದು ಹಿಡಿದು ಮುಂದುವರಿಯಬಹುದು.

ಮೊದಲು ಕಣ್ಣಿಗೆ ಕಾಣುವುದನ್ನು ನೋಡಿ. ಸೆನ್ಸರ್ ಸಾಮಾನ್ಯವಾಗಿ ಥರ್ಮೋಸ್ಟಾಟ್ ಹೌಸಿಂಗ್ ಮೇಲೆ ಅಥವಾ ಸಿಲಿಂಡರ್ ಹೆಡ್‌ನ ಕೊನೆಯಲ್ಲಿ ಇರುತ್ತದೆ. ಕೀ ಆಫ್ ಮಾಡಿ ಕನೆಕ್ಟರ್ ತೆಗೆಯಿರಿ. ಲಾಕ್ ಒತ್ತಿ ಕನೆಕ್ಟರನ್ನೇ ಹಿಡಿದು ಎಳೆಯಬೇಕು, ವೈರ್ ಹಿಡಿದು ಎಳೆದರೆ ಹೊಸ ದೋಷ ನೀವೇ ಹುಟ್ಟಿಸಿದಂತೆ. ಪಿನ್ ಮೇಲೆ ಹಸಿರು ಅಥವಾ ಬಿಳಿ ಪುಡಿ, ಹಿಂದಕ್ಕೆ ಸರಿದ ಪಿನ್, ಬಿಸಿಗೆ ಗರಿಗರಿಯಾಗಿ ಒಡೆದ ಇನ್ಸುಲೇಷನ್ ಇದೆಯೇ ಗಮನಿಸಿ. ಕನೆಕ್ಟರ್ ಒಳಗೆ ಕೂಲಂಟ್ ಒದ್ದೆ ಕಂಡರೆ ಸೆನ್ಸರ್‌ನ ಸೀಲ್ ಹೋಗಿ ಅದರ ಒಳಗಿನಿಂದಲೇ ಸೋರಿದೆ ಎಂದರ್ಥ. ಸೆನ್ಸರ್ ಬದಲಿಸಲೇಬೇಕು, ಕನೆಕ್ಟರ್‌ನ ಪಿನ್‌ಗಳನ್ನೂ ಶುಚಿ ಮಾಡಬೇಕು.

ಇಷ್ಟರಲ್ಲಿ ಏನೂ ಸಿಗದಿದ್ದರೆ ತುಂಡು ವೈರ್‌ನ ಪರೀಕ್ಷೆ. ಸ್ಕ್ಯಾನರ್‌ನಲ್ಲಿ ಕೂಲಂಟ್ ತಾಪಮಾನದ ಲೈವ್ ರೀಡಿಂಗ್ ತೆರೆದಿಡಿ, ಎಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿ.

1. ಕನೆಕ್ಟರ್ ತೆಗೆದಿಟ್ಟಾಗ ರೀಡಿಂಗ್ ಮೈನಸ್ 40ಕ್ಕೆ ಬರಬೇಕು.
2. ವೈರ್ ಕಡೆಯ ಕನೆಕ್ಟರ್‌ನ ಎರಡು ಪಿನ್‌ಗಳನ್ನು ಸಣ್ಣ ವೈರ್‌ನಿಂದ ಜೋಡಿಸಿದಾಗ ರೀಡಿಂಗ್ 120 ಡಿಗ್ರಿ ದಾಟಿ ಮೇಲಕ್ಕೆ ಹಾರಬೇಕು. ದಪ್ಪ ತಂತಿ ತುರುಕಬೇಡಿ. ಪಿನ್ ಒಮ್ಮೆ ಅಗಲವಾದರೆ ಮುಂದೆ ಸೆನ್ಸರ್ ಅನ್ನು ಬಿಗಿಯಾಗಿ ಹಿಡಿಯುವುದಿಲ್ಲ. ಬ್ಯಾಟರಿ ಪಾಸಿಟಿವ್‌ನಿಂದ ಯಾವ ವೈರನ್ನೂ ಇಲ್ಲಿಗೆ ತರಬಾರದು.

ಎರಡೂ ಹೀಗೇ ಆದರೆ ವೈರ್ ಸರಿ, ಇಸಿಯು ಸರಿ. ದೋಷ ಸೆನ್ಸರ್‌ನಲ್ಲಿದೆ, ಇಲ್ಲವೇ ಸೆನ್ಸರ್ ಮತ್ತು ಕನೆಕ್ಟರ್ ಪಿನ್ ಕೂಡುವ ಜಾಗದಲ್ಲಿದೆ.

ಕನೆಕ್ಟರ್ ತೆಗೆದ ಮೇಲೂ ರೀಡಿಂಗ್ ಮೇಲೇ ನಿಂತಿದ್ದರೆ ಸಿಗ್ನಲ್ ವೈರ್ ಎಲ್ಲೋ ಗ್ರೌಂಡ್‌ಗೆ ತಾಗಿದೆ. ಬ್ರಾಕೆಟ್‌ಗಳ ಅಂಚು, ಎಕ್ಸಾಸ್ಟ್ ಬಳಿ ಹಾದುಹೋಗುವ ಜಾಗ, ಹಿಂದೆ ಎಂಜಿನ್ ಕೆಲಸ ಮಾಡಿದಾಗ ಹಾರ್ನೆಸ್ (ವೈರ್‌ಗಳ ಕಟ್ಟು) ಸಿಕ್ಕಿಹಾಕಿಕೊಂಡಿರಬಹುದಾದ ಕಡೆಗಳನ್ನು ಮೊದಲು ನೋಡಿ.

ಜೋಡಿಸಿದರೂ ಮೈನಸ್ 40 ಕದಲದಿದ್ದರೆ ವೈರ್ ತುಂಡಾಗಿರಬಹುದು. ಯಾವುದು ಎಂದು ತಿಳಿಯಲು ಮಲ್ಟಿಮೀಟರ್‌ನ ಕಪ್ಪು ಪ್ರೋಬ್ ಬ್ಯಾಟರಿ ನೆಗೆಟಿವ್‌ಗೆ ಹಿಡಿದು ಕೆಂಪನ್ನು ಒಂದೊಂದೇ ಪಿನ್‌ಗೆ ತಾಗಿಸಿ. 5 ವೋಲ್ಟ್ ಸಿಕ್ಕ ಪಿನ್ ಸಿಗ್ನಲ್. ಆ ಪಿನ್ನನ್ನು ತುಂಡು ವೈರ್‌ನಿಂದ ಬ್ಯಾಟರಿ ನೆಗೆಟಿವ್‌ಗೆ ತಾಗಿಸಿದಾಗ ರೀಡಿಂಗ್ ಮೇಲಕ್ಕೆ ಹಾರಿದರೆ ತುಂಡಾಗಿರುವುದು ಸೆನ್ಸರ್ ಗ್ರೌಂಡ್ ವೈರ್. ಎರಡು ಪಿನ್‌ನಲ್ಲೂ 5 ವೋಲ್ಟ್ ಇಲ್ಲದಿದ್ದರೆ ಸಿಗ್ನಲ್ ವೈರ್ ತುಂಡಾಗಿದೆ, ಅಥವಾ ಇಸಿಯು ಕೊಡುತ್ತಿಲ್ಲ. 5ರ ಬದಲು 12 ವೋಲ್ಟ್ ಬಂದರೆ ಸಿಗ್ನಲ್ ವೈರ್ ಬೇರೊಂದು ಸಪ್ಲೈ ವೈರ್‌ಗೆ ತಾಗಿದೆ. ಅಲ್ಲಿಗೇ ಕೀ ಆಫ್ ಮಾಡಿ, ಆಟೋ ಎಲೆಕ್ಟ್ರಿಷಿಯನ್‌ಗೆ ಒಪ್ಪಿಸಿ.

ಕೆಲವು ಇಸಿಯುಗಳು ದೋಷ ಕಂಡ ಮೇಲೆ ಸ್ಕ್ಯಾನರ್‌ಗೆ ನಿಜವಾದ ಅಂಕಿ ಕೊಡುವುದಿಲ್ಲ, ತಾವೇ ಊಹಿಸಿದ 80ರಂತಹ ಅಂಕಿ ಕೊಡುತ್ತವೆ. ಕನೆಕ್ಟರ್ ತೆಗೆದರೂ ರೀಡಿಂಗ್ ಸಹಜವಾಗಿಯೇ ಕಂಡರೆ ಗಲಿಬಿಲಿಯಾಗಬೇಡಿ, ವೋಲ್ಟೇಜ್ ಅಳೆದು ತೀರ್ಮಾನಿಸಿ. ಕೋಡ್ ಮಾತ್ರ ಓದುವ ಸಾದಾ ರೀಡರ್ ಇದ್ದರೂ ದಾರಿಯುಂಟು: ಪಿ0117 ಅಳಿಸಿ, ಕನೆಕ್ಟರ್ ತೆಗೆದು, ಕೀ ಆನ್ ಮಾಡಿ ಮತ್ತೆ ಓದಿ. ಈಗ ಪಿ0118 ಬಂದರೆ ವೈರ್ ಶಾರ್ಟ್ ಆಗಿಲ್ಲ, ಸೆನ್ಸರ್ ಒಳಗೆ ಶಾರ್ಟ್ ಆಗಿತ್ತು.

ಲಕ್ಷಣ: ರಾತ್ರಿಯಿಡೀ ನಿಂತ ಗಾಡಿ ಬೆಳಿಗ್ಗೆ ಬೇಗ ಸ್ಟಾರ್ಟ್ ಆಗುವುದಿಲ್ಲ, ಬಿಸಿಯಾದ ಮೇಲೆ ಸರಿ

ತಣ್ಣನೆಯ ಎಂಜಿನ್ನನ್ನು ಇಸಿಯು ಬೆಚ್ಚಗಿದೆ ಎಂದು ತಿಳಿದುಕೊಂಡಿರಬಹುದು. ಪೆಟ್ರೋಲ್ ಎಂಜಿನ್‌ಗೆ ಆಗ ಬೇಕಾದಷ್ಟು ಇಂಧನ ಸಿಗುವುದಿಲ್ಲ. ಸ್ಟಾರ್ಟ್ ಆದರೂ ನಡುಗುತ್ತದೆ, ಆಕ್ಸಿಲರೇಟರ್ ಒತ್ತಿದರೆ ಮುಗ್ಗರಿಸುತ್ತದೆ. ಡೀಸೆಲ್‌ನಲ್ಲಿ ಗ್ಲೋ ಪ್ಲಗ್‌ಗಳು (ಸ್ಟಾರ್ಟ್‌ಗೆ ಮುನ್ನ ಸಿಲಿಂಡರ್ ಒಳಗನ್ನು ಬಿಸಿ ಮಾಡುವ ಹೀಟರ್‌ಗಳು) ಸಾಕಷ್ಟು ಹೊತ್ತು ಉರಿಯುವುದಿಲ್ಲ, ಬಿಳಿ ಹೊಗೆ ಕಾಣುತ್ತದೆ. ಇಲ್ಲಿ ಕೋಡ್ ಬರದೇ ಇರಬಹುದು, ಏಕೆಂದರೆ ವೋಲ್ಟೇಜ್ ಮಿತಿಯೊಳಗೇ ಇದೆ.

ಖರ್ಚಿಲ್ಲದ, ಆದರೆ ತುಂಬ ನಂಬಬಹುದಾದ ಪರೀಕ್ಷೆ ಇದು: ಗಾಡಿ ಕನಿಷ್ಠ 8 ಗಂಟೆ ನೆರಳಿನಲ್ಲಿ ನಿಂತಿರಲಿ. ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿ, ಕೂಲಂಟ್ ತಾಪಮಾನ ಮತ್ತು ಎಂಜಿನ್ ಒಳಗೆ ಹೋಗುವ ಗಾಳಿಯ ತಾಪಮಾನ ಎರಡನ್ನೂ ಸ್ಕ್ಯಾನರ್‌ನಲ್ಲಿ ನೋಡಿ. ಎರಡೂ ಹೊರಗಿನ ಹವೆಗೆ ಹತ್ತಿರವಿರಬೇಕು, ಪರಸ್ಪರ ಅಂತರ 5 ಡಿಗ್ರಿ ಮೀರಬಾರದು. ಕೂಲಂಟ್ ಒಂದೇ ಬೇರೆ ಹೇಳುತ್ತಿದ್ದರೆ ದೋಷ ಅದರ ಸರ್ಕ್ಯೂಟ್‌ನಲ್ಲಿದೆ. ಎರಡೂ ಒಟ್ಟಿಗೆ ದಾರಿ ತಪ್ಪಿದ್ದರೆ ಸೆನ್ಸರ್ ಬಿಟ್ಟು ಗ್ರೌಂಡ್ ಕಡೆ ತಿರುಗಿ. ಅನೇಕ ಕಾರುಗಳಲ್ಲಿ ಹಲವು ಸೆನ್ಸರ್‌ಗಳಿಗೆ ಒಂದೇ ಗ್ರೌಂಡ್ ವೈರ್ ಇರುತ್ತದೆ.

ಲಕ್ಷಣ: ಬಿಸಿ ಎಂಜಿನ್ ಮತ್ತೆ ಸ್ಟಾರ್ಟ್ ಆಗಲು ಒದ್ದಾಡುತ್ತದೆ, ಕಪ್ಪು ಹೊಗೆ, ಮೈಲೇಜ್ ಇಳಿದಿದೆ, ಐಡ್ಲಿಂಗ್ ಜಾಸ್ತಿ

ಇದು ಮೇಲಿನದರ ತಿರುಗುಮುರುಗು. ಬಿಸಿ ಎಂಜಿನ್ ಇಸಿಯುಗೆ ತಣ್ಣಗಿರುವಂತೆ ಕಾಣುತ್ತದೆ, ಅದು ಅಗತ್ಯಕ್ಕಿಂತ ಹೆಚ್ಚು ಪೆಟ್ರೋಲ್ ಸುರಿಯುತ್ತದೆ. ಸ್ಪಾರ್ಕ್ ಪ್ಲಗ್ ಕಪ್ಪಾಗುತ್ತವೆ, ಸೈಲೆನ್ಸರ್‌ನಲ್ಲಿ ಪೆಟ್ರೋಲ್ ವಾಸನೆ. ಬಹಳ ದಿನ ಹೀಗೇ ಓಡಿಸಿದರೆ ಹೊಗೆಯ ವಿಷಾನಿಲ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತದೆ, ಅದರ ವೆಚ್ಚದ ಮುಂದೆ ಸೆನ್ಸರ್‌ನ ಬೆಲೆ ಏನೂ ಅಲ್ಲ.

ಮೊದಲು ತಪ್ಪು ಥರ್ಮೋಸ್ಟಾಟ್‌ನದಲ್ಲ ಎಂದು ಖಚಿತ ಮಾಡಿಕೊಳ್ಳಬೇಕು. ಅದು ತೆರೆದೇ ಸಿಕ್ಕಿಕೊಂಡಿದ್ದರೆ ಎಂಜಿನ್ ನಿಜಕ್ಕೂ ತಣ್ಣಗೇ ಉಳಿಯುತ್ತದೆ. ತಣ್ಣಗೆ ಸ್ಟಾರ್ಟ್ ಮಾಡಿ, ರೇಡಿಯೇಟರ್‌ನ ಮೇಲಿನ ಹೋಸ್ ಮುಟ್ಟಿ. ಮೇಲಿನ ಹೋಸ್ ಕಡೆ ಥರ್ಮೋಸ್ಟಾಟ್ ಇರುವ ಎಂಜಿನ್‌ಗಳಲ್ಲಿ ರೀಡಿಂಗ್ 80ರ ಹತ್ತಿರ ಬರುವವರೆಗೆ ಆ ಹೋಸ್ ಹೆಚ್ಚು ಬಿಸಿಯಾಗಬಾರದು. ಸ್ಟಾರ್ಟ್ ಆದ ಸ್ವಲ್ಪ ಹೊತ್ತಿಗೇ ನಿಧಾನವಾಗಿ ಬೆಚ್ಚಗಾಗತೊಡಗಿದರೆ, ಜೋರಾಗಿ ಓಡಿಸಿದಾಗ ರೀಡಿಂಗ್ 60–70ಕ್ಕೆ ಇಳಿದರೆ, ತಪ್ಪು ಥರ್ಮೋಸ್ಟಾಟ್‌ನದು. ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಥರ್ಮೋಸ್ಟಾಟ್ ಬಳಿಯ ಕಪ್ಪು ರಬ್ಬರ್ ಹೋಸ್‌ಗೆ ಗುರಿಯಿಡಿ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಅದು ಬಹಳ ಕಡಿಮೆ ತೋರಿಸುತ್ತದೆ. ಎಂಜಿನ್ ಪೂರ್ತಿ ಬಿಸಿಯಾಗಿ ಥರ್ಮೋಸ್ಟಾಟ್ ತೆರೆದ ಮೇಲೆ ಹೋಸ್ 80 ಹೇಳಿ ಸ್ಕ್ಯಾನರ್ 60 ಹೇಳಿದರೆ ಸೆನ್ಸರ್ ಸರ್ಕ್ಯೂಟ್ ಸುಳ್ಳು ಹೇಳುತ್ತಿದೆ.

ತುಕ್ಕು ಹಿಡಿದ ಪಿನ್ ಈ ಸುಳ್ಳನ್ನು ಹೇಗೆ ಹೇಳಿಸುತ್ತದೆ ಎಂಬುದು ತಿಳಿದಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. 20 ಡಿಗ್ರಿಯಲ್ಲಿ 2,500 ಓಂ, 80ರಲ್ಲಿ ಸುಮಾರು 320 ಓಂ ಇರುವ ಸೆನ್ಸರ್ ತೆಗೆದುಕೊಳ್ಳಿ. ಪಿನ್‌ನ ತುಕ್ಕು 200 ಓಂ ಸೇರಿಸಿದೆ ಎಂದಿಟ್ಟುಕೊಳ್ಳಿ. ತಣ್ಣಗಿದ್ದಾಗ 2,700 ಓಂ, ಅಂದರೆ 18 ಡಿಗ್ರಿ; ಯಾರಿಗೂ ಗೊತ್ತಾಗದು. ಬಿಸಿಯಾದಾಗ 520 ಓಂ, ಅಂದರೆ 65 ಡಿಗ್ರಿ. 15 ಡಿಗ್ರಿ ತಪ್ಪು! ಬೆಳಗಿನ ಪರೀಕ್ಷೆಯಲ್ಲಿ ಪಾಸಾಗಿ ಬಿಸಿಯಲ್ಲಿ ಮಾತ್ರ ತಪ್ಪುವ ಸರ್ಕ್ಯೂಟ್‌ನಲ್ಲಿ ಸಡಿಲ ಅಥವಾ ತುಕ್ಕಿನ ಸಂಪರ್ಕ ಹುಡುಕಿ.

ಕನೆಕ್ಟರ್ ಒಳಗೆ ತೇವ ಹೊಕ್ಕು ಎರಡು ಪಿನ್ ನಡುವೆ 10,000 ಓಂನ ಸೋರುದಾರಿ ಆಗಿದ್ದರೆ ಫಲ ಉಲ್ಟಾ. 80 ಡಿಗ್ರಿಯಲ್ಲಿ ಒಂದು ಡಿಗ್ರಿಯಷ್ಟೇ ವ್ಯತ್ಯಾಸ, 20ರಲ್ಲಿ 26 ಎಂದು ತೋರಿಸುತ್ತದೆ, 0 ಡಿಗ್ರಿ ಚಳಿಯಲ್ಲಿ 10ರ ಹತ್ತಿರ. ಹಾಗಾಗಿ ಬೆಳಿಗ್ಗೆ ಮಾತ್ರ ಕಾಡುವ, ಮಳೆ ಅಥವಾ ಎಂಜಿನ್ ತೊಳೆದ ಮೇಲೆ ಶುರುವಾದ ತೊಂದರೆಗೆ ಕನೆಕ್ಟರ್‌ನ ತೇವವೇ ಮೊದಲ ಅನುಮಾನ.

ಲಕ್ಷಣ: ಮುಳ್ಳು ಅಥವಾ ರೀಡಿಂಗ್ ಕುಣಿಯುತ್ತದೆ

ಎಂಜಿನ್‌ನಲ್ಲಿರುವ ಅಷ್ಟು ಲೀಟರ್ ಕೂಲಂಟ್ ಒಂದೇ ಸೆಕೆಂಡಿನಲ್ಲಿ 20 ಡಿಗ್ರಿ ಏರಿಳಿಯಲು ಸಾಧ್ಯವಿಲ್ಲ. ಸ್ಕ್ಯಾನರ್‌ನ ಗ್ರಾಫ್‌ನಲ್ಲಿ ಚೂಪಾದ ಮುಳ್ಳುಗಳಂತೆ ಏರಿಳಿತ ಕಂಡರೆ ಅದು ವಿದ್ಯುತ್ತಿನ ದೋಷ. ಕೆಲವು ಸೆಕೆಂಡುಗಳಲ್ಲಿ ಅಲೆಯಂತೆ ಹತ್ತಿಳಿದರೆ ಕೂಲಂಟ್ ಕಡಿಮೆಯಿದೆ ಅಥವಾ ಒಳಗೆ ಗಾಳಿ ಸಿಕ್ಕಿದೆ.

ವಿದ್ಯುತ್ತಿನ ದೋಷವಾದರೆ ಎಂಜಿನ್ ಆಫ್, ಕೀ ಆನ್ ಇಟ್ಟು ಕನೆಕ್ಟರನ್ನು ಮೆಲ್ಲಗೆ ಅಲ್ಲಾಡಿಸಿ, ಬಳಿಕ ಹಾರ್ನೆಸನ್ನು ಒಂದು ಗೇಣಿನಂತೆ ಹಿಡಿದು ಬಾಗಿಸುತ್ತ ಇಸಿಯು ಕಡೆಗೆ ಹೋಗಿ. ರೀಡಿಂಗ್ ಹಾರಿದ ಜಾಗದಲ್ಲೇ ದೋಷ. ಇನ್ಸುಲೇಷನ್ ಚುಚ್ಚಿ ಅಳೆಯುವ ಅಭ್ಯಾಸ ಬೇಡ, ಆ ತೂತಿನಿಂದ ನೀರು ಹೊಕ್ಕು ವೈರ್ ಒಳಗೇ ಕೊಳೆಯುತ್ತದೆ. ಕನೆಕ್ಟರ್‌ನ ಹಿಂಬದಿಯಿಂದ ತೆಳು ಪ್ರೋಬ್ ತೂರಿಸಿ ಅಳೆಯಿರಿ.

ಒಂದು ಎಚ್ಚರಿಕೆ: ಕೆಲವು ಇಸಿಯುಗಳು ಸುಮಾರು 50 ಡಿಗ್ರಿ ಆದಾಗ ಒಳಗಿನ ರೆಸಿಸ್ಟರ್ ಬದಲಿಸುತ್ತವೆ. 1 ವೋಲ್ಟ್ ಹತ್ತಿರ ಇಳಿದಿದ್ದ ಸಿಗ್ನಲ್ ತಟ್ಟನೆ 3 ವೋಲ್ಟ್‌ಗಿಂತ ಮೇಲೇರಿ ಮತ್ತೆ ಇಳಿಯತೊಡಗುತ್ತದೆ. ಮೀಟರ್‌ನಲ್ಲಿ ಇದು ದೋಷದಂತೆ ಕಾಣುತ್ತದೆ, ಆದರೆ ಸ್ಕ್ಯಾನರ್‌ನ ತಾಪಮಾನ ಜಿಗಿಯದೆ ಸಾಗುತ್ತಿದ್ದರೆ ಎಲ್ಲವೂ ಸರಿಯಿದೆ.

ಲಕ್ಷಣ: ಡ್ಯಾಶ್‌ಬೋರ್ಡ್ ಮುಳ್ಳು ಸತ್ತಿದೆ, ಸ್ಕ್ಯಾನರ್ ಮಾತ್ರ ಸರಿ ತೋರಿಸುತ್ತದೆ

ಹಳೆಯ ಕಾರುಗಳಲ್ಲಿ ಮುಳ್ಳಿಗೆಂದೇ ಒಂದು ವೈರ್‌ನ ಪ್ರತ್ಯೇಕ ಸೆನ್ಸರ್ ಇರುತ್ತದೆ, ಎಂಜಿನ್ ಲೋಹವೇ ಅದರ ಗ್ರೌಂಡ್. ಅದರ ತಿರುಪಿನ ಎಳೆಗಳಿಗೆ ಸೀಲ್ ಟೇಪ್ ದಪ್ಪಗೆ ಸುತ್ತಿದ್ದರೆ ಗ್ರೌಂಡ್ ತಪ್ಪಿ ಮುಳ್ಳು ಕೆಲಸ ಮಾಡುವುದಿಲ್ಲ. ಇಸಿಯುವಿನ ಸೆನ್ಸರ್ ಬದಲಿಸಿ ಇಲ್ಲಿ ಪ್ರಯೋಜನವಿಲ್ಲ.

ಸೆನ್ಸರ್ ಅಳೆಯುವುದು

ಕನೆಕ್ಟರ್ ತೆಗೆದು ಸೆನ್ಸರ್‌ನ ಎರಡು ಪಿನ್ ನಡುವೆ ಓಂ ಅಳೆಯಿರಿ. ವೈರ್ ಜೋಡಿಸಿಟ್ಟು ಓಂ ಅಳೆದರೆ ಸಿಗುವ ಅಂಕಿಗೆ ಅರ್ಥವಿಲ್ಲ. ಬಹಳ ಬಳಕೆಯಲ್ಲಿರುವ ಒಂದು ಬಗೆಯ ಸೆನ್ಸರ್‌ನ ಅಂದಾಜು ಅಂಕಿಗಳು:

0 ಡಿಗ್ರಿ – 5,900 ಓಂ
20 ಡಿಗ್ರಿ – 2,500 ಓಂ
40 ಡಿಗ್ರಿ – 1,200 ಓಂ
60 ಡಿಗ್ರಿ – 600 ಓಂ
80 ಡಿಗ್ರಿ – 320 ಓಂ
100 ಡಿಗ್ರಿ – 185 ಓಂ

ನಿಮ್ಮ ಮಾದರಿಯ ಅಂಕಿಗಳು ಬೇರೆಯಿರಬಹುದು, ಸರ್ವೀಸ್ ಮ್ಯಾನ್ಯುಯಲ್ ನೋಡಿ ಹೋಲಿಸಿ. ಅನುಮಾನ ಉಳಿದರೆ ತಣ್ಣನೆಯ ಎಂಜಿನ್‌ನಿಂದ ಸೆನ್ಸರ್ ಬಿಚ್ಚಿ, ಅದರ ತುದಿಯನ್ನಷ್ಟೇ ನೀರಿನಲ್ಲಿ ಮುಳುಗಿಸಿ, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ನಿಧಾನವಾಗಿ ಕಾಯಿಸಿ. ಓಂ ಎಲ್ಲೂ ನಿಲ್ಲದೆ, ಜಿಗಿಯದೆ ಇಳಿಯುತ್ತ ಹೋಗಬೇಕು. ಒಂದು ತಾಪಮಾನದಲ್ಲಿ ಮಾತ್ರ ಮೀಟರ್ ತೆರೆದ ಸರ್ಕ್ಯೂಟ್ ತೋರಿಸಿದರೆ ಒಳಗೆ ಬಿರುಕಿದೆ. ಅಡುಗೆಗೆ ಬಳಸುವ ಪಾತ್ರೆ ಇದಕ್ಕೆ ಬೇಡ.

ಗ್ರೌಂಡ್ ನೋಡಲು ಎಲ್ಲವನ್ನೂ ಜೋಡಿಸಿ ಎಂಜಿನ್ ಓಡಿಸಿ, ಸೆನ್ಸರ್ ಗ್ರೌಂಡ್ ಪಿನ್ ಮತ್ತು ಬ್ಯಾಟರಿ ನೆಗೆಟಿವ್ ನಡುವೆ ವೋಲ್ಟೇಜ್ ಅಳೆಯಿರಿ. 0.05 ವೋಲ್ಟ್ ಒಳಗಿದ್ದರೆ ಚೆನ್ನ, 0.1 ದಾಟಿದರೆ ಆ ವೈರ್ ಅಥವಾ ಇಸಿಯುವಿನ ಗ್ರೌಂಡ್ ಹುಡುಕಬೇಕು.

ಯಾವಾಗ ಬೇರೆಯವರಿಗೆ ಒಪ್ಪಿಸಬೇಕು

ಇಸಿಯುವಿನ ಕನೆಕ್ಟರ್ ಬಿಚ್ಚಬೇಕಾದ ಹಂತಕ್ಕೆ ಬಂದಿದ್ದರೆ, ವೈರಿಂಗ್ ನಕ್ಷೆ ಕೈಯಲ್ಲಿಲ್ಲದಿದ್ದರೆ ನಿಲ್ಲಿಸಿ. ಬಿಚ್ಚುವುದಾದರೆ ಮೊದಲು ಬ್ಯಾಟರಿ ನೆಗೆಟಿವ್ ತೆಗೆದಿರಬೇಕು. ಆಮೇಲೆ ಎರಡೂ ವೈರ್‌ಗಳನ್ನು ತುದಿಯಿಂದ ತುದಿಗೆ ಅಳೆದಾಗ 1 ಓಂಗಿಂತ ಕಡಿಮೆ ಬರಬೇಕು, ಕಾರಿನ ಬಾಡಿಯೊಂದಿಗೆ ಸಂಪರ್ಕ ಇರಬಾರದು. ವೈರ್ ಎರಡೂ ಸರಿಯಿದ್ದು, ಇಸಿಯುವಿನ ಸಪ್ಲೈ ಮತ್ತು ಗ್ರೌಂಡ್ ಸರಿಯಿದ್ದು, 5 ವೋಲ್ಟ್ ಮಾತ್ರ ಹೊರಬರದಿದ್ದರೆ ಆಗ ಇಸಿಯು ಮೇಲೆ ಬೆರಳು ತೋರಿಸಬಹುದು. ಅದು ಅಪರೂಪ.

ಬದಲಿಸುವಾಗ ಮತ್ತು ಬದಲಿಸಿದ ಮೇಲೆ

ಹೊಸ ಸೆನ್ಸರ್ ನಿಮ್ಮ ಎಂಜಿನ್‌ನ ಪಾರ್ಟ್ ನಂಬರ್‌ಗೆ ಹೊಂದಬೇಕು. ತಿರುಪಿನ ಎಳೆ ಮತ್ತು ಕನೆಕ್ಟರ್ ಸರಿಹೊಂದಿದರೂ ಒಳಗಿನ ಓಂ ಬೇರೆಯಿರಬಹುದು, ಆಗ ಹೊಸ ಭಾಗ ಹಾಕಿಯೂ ರೀಡಿಂಗ್ ತಪ್ಪೇ. ಓ ರಿಂಗ್ ಅಥವಾ ವಾಷರ್ ಹೊಸದೇ ಹಾಕಿ. ಹೌಸಿಂಗ್ ಎಷ್ಟೋ ಕಡೆ ಪ್ಲಾಸ್ಟಿಕ್; ಮ್ಯಾನ್ಯುಯಲ್ ಹೇಳಿದ ಟಾರ್ಕ್ ಮೀರಿ ಬಿಗಿದರೆ ಸೀಳುತ್ತದೆ. ವೈರ್ ಜೋಡಿಸಬೇಕಾಗಿ ಬಂದರೆ ಬರಿದೆ ತಿರುಚಿ ಇನ್ಸುಲೇಷನ್ ಟೇಪ್ ಸುತ್ತಬೇಡಿ. ಎಂಜಿನ್ ಬಿಸಿಗೆ ಟೇಪ್ ಅಂಟು ಬಿಟ್ಟು, ನೀರು ಹೊಕ್ಕು, ಮೇಲೆ ಹೇಳಿದ 200 ಓಂ ನಿಮ್ಮ ಜೋಡಣೆಯಲ್ಲೇ ಹುಟ್ಟುತ್ತದೆ. ಸರಿಯಾದ ಕ್ರಿಂಪ್ (ಒತ್ತಿ ಬಿಗಿಯುವ ಲೋಹದ ಜೋಡಣೆ), ಅದರ ಮೇಲೆ ಒಳಬದಿಯಲ್ಲಿ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗುವ ಕೊಳವೆ) ಹಾಕಿ.

ಹೊರಹೋದಷ್ಟು ಕೂಲಂಟ್ ತುಂಬಿ, ಮ್ಯಾನ್ಯುಯಲ್ ಕ್ರಮದಂತೆ ಗಾಳಿ ಹೊರಗೆ ಬಿಡಿ. ಕೋಡ್ ಅಳಿಸಿ ತಣ್ಣಗಿನಿಂದ ಪೂರ್ತಿ ಬಿಸಿಯಾಗುವವರೆಗೆ ಗ್ರಾಫ್ ನೋಡಿ: ರೀಡಿಂಗ್ ಜಿಗಿಯದೆ ಏರಿ, ಬಹುಪಾಲು ಎಂಜಿನ್‌ಗಳಲ್ಲಿ 85ರಿಂದ 100ರೊಳಗೆ ನಿಲ್ಲಬೇಕು, ಎಸಿ ಆಫ್ ಇದ್ದಾಗ ಫ್ಯಾನ್ ಒಮ್ಮೆ ಶುರುವಾಗಿ ಮತ್ತೆ ನಿಲ್ಲಬೇಕು. ಮರುದಿನ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಕೂಲಂಟ್ ಮಟ್ಟ ಮತ್ತೆ ನೋಡಿ, ಒಳಗೆ ಉಳಿದಿದ್ದ ಗಾಳಿ ಹೊರಬಂದು ಮಟ್ಟ ಇಳಿದಿರಬಹುದು. ಆಗಲೇ ಗಾಳಿಯ ತಾಪಮಾನದೊಂದಿಗೆ ಇನ್ನೊಮ್ಮೆ ಹೋಲಿಸಿ, ಅಂತರ 5 ಡಿಗ್ರಿಯೊಳಗೆ ಇದೆಯೇ ಖಚಿತ ಮಾಡಿಕೊಳ್ಳಿ.